ಕುಡಿಯದವನ ಲಿವರು: ಸ್ಕ್ಯಾನಿಂಗ್ ಯಂತ್ರಕ್ಕೊಂದು ಅಹವಾಲು

ಮೂಡಿಗೆರೆ ಪೇಟೆಯ ಪರದೆಯೊಂದರ ಹಿಂದೆ ತಣ್ಣಗೆ ವಿರಾಜಮಾನರಾಗಿರುವ ಸ್ಕ್ಯಾನಿಂಗ್ ಯಂತ್ರದವರ ಸನ್ನಿಧಿಗೆ ಬೆಳ್ಳಿಯಪ್ಪನ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆ ಅಡ್ಡ ಬರುವುದರಿಂದ ಇದನ್ನು ಭಾವಾರ್ಥದಲ್ಲಿ ಸ್ವೀಕರಿಸಬೇಕು.

ಮಾನ್ಯರೇ,

ಮೊದಲಿಗೆ ತಪ್ಪೊಪ್ಪಿಗೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ತಮ್ಮ ಅಪ್ಪಣೆಯನ್ನು ಮೀರಿ, ಹೆಂಡತಿ ಪ್ರೇಮಲತಾ ಸ್ನಾನಕ್ಕೆ ಹೋದ ಸಮಯ ಸಾಧಿಸಿ, ಎರಡು ಕಡುಬನ್ನು ಹಿಂದಿನ ದಿನದ ಹಂದಿ ಸಾರಿನಲ್ಲಿ ಅದ್ದಿ ತಿಂದು ಬಂದಿದ್ದೆ. ತಾವು 'ಫ್ಯಾಟಿ ಲಿವರ್, ಗ್ರೇಡ್ ಎರಡು' ಎಂದು ತೀರ್ಪಿತ್ತಿರಿ. ನನಗೆ ಕೊಬ್ಬು ಎಂದು ಪ್ರೇಮಲತಾ ಮದುವೆಯಾದಂದಿನಿಂದ ಹೇಳುತ್ತಲೇ ಇದ್ದಳು. ಅದು ಎಲ್ಲಿದೆಯೆಂದು ಪತ್ತೆ ಹಚ್ಚಿದ ಕೀರ್ತಿ ಮಾತ್ರ ತಮ್ಮದು.

ಆದರೆ ಹುಟ್ಟಿದಾರಭ್ಯ ಒಂದು ಹನಿ ಮದ್ಯ ಮುಟ್ಟದ ನನಗೆ ಕೊಟ್ಟ ತೀರ್ಪನ್ನೇ, ಅದೇ ದಿನ ಅದೇ ಮಂಚದ ಮೇಲೆ ಮಲಗಿದ್ದ ಪಕ್ಕದ ತೋಟದ ಸುರೇಂದ್ರನಿಗೂ ಅಕ್ಷರ ಬದಲಿಸದೆ ದಯಪಾಲಿಸಿದಿರಲ್ಲ! ಅವನ ಗ್ಲಾಸು ಒಣಗಿದ್ದನ್ನು ಆಗ ಯಾರೂ ಕಂಡಿರಲಿಲ್ಲ. 'ಕೊಬ್ಬು ಇಬ್ಬರಿಗೂ ಒಂದೇ, ಬಂದ ದಾರಿ ಬೇರೆ. ಬಿಡಬೇಕೆಂದರೂ ಬಿಡಲಾಗದ ಇನ್ನೊಂದು ಕಾಯಿಲೆ ಸುರೇಂದ್ರರಿಗಿದೆ, ಅದು ಯಂತ್ರಕ್ಕೆ ಕಾಣದು' ಎಂದರು ಡಾಕ್ಟರು. ಊರಿಗೆ ಇಷ್ಟು ಸೂಕ್ಷ್ಮ ಯಾಕೆ? 'ಬೆಳ್ಳಿಯಪ್ಪನವ್ರು ಕದ್ದು ಹಾಕ್ತಾರಂತಲ್ಲ ಮಾರಾಯ' ಎಂಬ ಮಾತು ಬಸ್‌ಸ್ಟ್ಯಾಂಡ್ ತಲುಪಿದೆ. ಬರುವ ಭಾನುವಾರ ಕುಡಿತ ಬಿಟ್ಟವರ ಸಮಾವೇಶಕ್ಕೆ ಮಾದರಿ ಪುರುಷನೆಂದು ಆಹ್ವಾನಿತನಾದ ಮುಖ್ಯ ಅತಿಥಿ ನಾನು. ವೇದಿಕೆಯ ಮೇಲೆ ಯಾವ ಮುಖ ಇಟ್ಟುಕೊಂಡು ಕೂರಲಿ?

ನಿಜಸ್ಥಿತಿ ಅರಿಕೆ ಮಾಡುತ್ತೇನೆ. ನಮ್ಮ ಕಡೆ ಕುಡಿಯುವವರ ಮೇಜಿನಲ್ಲಿ ಕುಡಿಯದವನಿಗೆ ಎರಡು ಹೊಣೆ: ಕೊನೆಗೆ ಜೀಪು ಓಡಿಸುವುದು, ಅಲ್ಲಿಯವರೆಗೆ ತಟ್ಟೆ ಖಾಲಿ ಮಾಡುವುದು. 'ಪಾಪ, ಅವ್ರು ತಗೊಳ್ಳಲ್ಲ, ಇನ್ನೊಂದು ಪ್ಲೇಟ್ ಹಂದಿ ಫ್ರೈ ಕೊಡಿ' ಎಂಬ ಕರುಣೆಗೆ ಬಲಿಯಾದವನು ನಾನು. 'ಸಾಕು ಮಾರಾಯ, ಮನೇಲಿ ಹೆಂಡ್ತಿ ಕಾಯ್ತಿರ್ತಾರೆ' ಎಂದು ಒಂದು ಕೈಯಲ್ಲಿ ಸುರೇಂದ್ರನ ಗ್ಲಾಸನ್ನು ದೂರ ಸರಿಸಿ, ಇನ್ನೊಂದರಲ್ಲಿ ಅವನ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದ ಸಮಾಜಸೇವೆಯ ಫಲವೇ ಈ ಲಿವರು!

ಆದಕಾರಣ ತಾವು ಹಂದಿಯಿಂದ ಬಂದ ಕೊಬ್ಬನ್ನು ಗುಲಾಬಿ ಬಣ್ಣದಲ್ಲೂ ಬ್ರಾಂಡಿಯಿಂದ ಬಂದದ್ದನ್ನು ಕಂದು ಬಣ್ಣದಲ್ಲೂ ತೋರಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ಭಾನುವಾರ ನನ್ನ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಬಂದು, ಸಭೆಯ ಎದುರು ನನ್ನ ಹೊಟ್ಟೆ ಮುಟ್ಟಿ ಸಾಕ್ಷಿ ಹೇಳಬೇಕು. ನಾನು ಯಾವ ಚಟಕ್ಕೂ ದಾಸನಲ್ಲ. ಡಾಕ್ಟರು ಫ್ರೈ ಬಿಡಿ ಎಂದ ಕ್ಷಣವೇ ಬಿಟ್ಟಿದ್ದೇನೆ.

ಒಳಗೂ ಹೊರಗೂ ತಮಗೆ ಕಂಡಷ್ಟೇ ಇರುವ,
ತಮ್ಮ ವಿಶ್ವಾಸಿ,
ಬೆಳ್ಳಿಯಪ್ಪ

ಮರೆತ ಮಾತು: ಇದನ್ನು ತಮಗೆ ತಲುಪಿಸಲು ಮೂಡಿಗೆರೆಗೆಂದು ಹೊರಟ ಜೀಪು ತಾನಾಗಿ ಕೊಟ್ಟಿಗೆಹಾರದ ಕಡೆ ತಿರುಗಿತು. ಅಲ್ಲಿಯ ಹೋಟೆಲಿಗೆ, ಆ ಸ್ಕ್ಯಾನಿಂಗಿನ ನಂತರ ಹೇಗೋ ಹೆಣಗಿ ಕುಡಿತ ಬಿಟ್ಟು ಮುಖಕ್ಕೆ ಬಣ್ಣ ಬಂದಿರುವ ಸುರೇಂದ್ರ, ಮನೆಗೆ ನೀರುದೋಸೆ ಕಟ್ಟಿಸಿಕೊಳ್ಳಲು ಬಂದಿದ್ದ. ನನ್ನ ಮೂರನೇ ಫ್ರೈ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿ, 'ಸಾಕು ಮಾರಾಯ, ಮನೇಲಿ ಹೆಂಡ್ತಿ ಕಾಯ್ತಿರ್ತಾರೆ. ಜೀಪಿನ ಕೀ ಕೊಡು' ಎಂದ. ಕೊಟ್ಟೆ. ಭಾನುವಾರದ ಭಾಷಣವನ್ನೂ ಅವನಿಗೇ ಒಪ್ಪಿಸಿದ್ದೇನೆ. ಈ ಪತ್ರದ ಮೂಲೆಯಲ್ಲಿರುವ ಜಿಡ್ಡಿನ ಕಲೆಯನ್ನಾದರೂ ದಯವಿಟ್ಟು ಬ್ರಾಂಡಿಯದೆಂದು ತಿಳಿಯಬೇಡಿ.