ಬಿದ್ದ ಮುಚ್ಚಳದ ಬಹಿರಂಗ ವರದಿ

೧೯೮೩ರ ಮೇ ತಿಂಗಳಲ್ಲಿ ಇಳಕಲ್ಲಿನ ಆಕಾಶದಿಂದ ಯಾವ ವಸ್ತುವೂ ಬಿದ್ದಿಲ್ಲವೆಂಬುದು ಸರ್ಕಾರಿ ದಾಖಲೆಯಲ್ಲಿರುವ ಸತ್ಯ. ಸದರಿ ವಸ್ತು ಬಿದ್ದದ್ದು ನೇಕಾರ ಜಾಫರಸಾಬನ ಅಂಗಳದಲ್ಲಿ, ಬಣ್ಣ ಹಾಕಿ ಒಣಗಲು ಹರವಿದ್ದ ರೇಷ್ಮೆ ನೂಲಿನ ಮೇಲೆ, ಹಾಡುಹಗಲು.

ಅದೊಂದು ಅಂಗೈಯಗಲದ ಲೋಹದ ಮುಚ್ಚಳ. ಮೇಲೆ ಕೆಂಪಕ್ಷರದ ಇಂಗ್ಲಿಷು. ಸಾಲಿ ಮಾಸ್ತರರು ಓದಿ ಅರ್ಥ ಹೇಳಿದರು: 'ಹಾರುವಾಗ ಇದನ್ನು ತೆಗೆಯಬಾರದು.' ಅಂದಿನಿಂದ ಜಾಫರಸಾಬನಿಗೆ ಊಟ ಸೇರಲಿಲ್ಲ. ಅಕ್ಕ ಖೈರುನಬಿ ಸೆಪ್ಟೆಂಬರಿನಲ್ಲಿ ವಿಮಾನದಲ್ಲಿ ಹಜ್‌ಗೆ ಹೊರಡುವವಳಿದ್ದಳು.

ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನು ಹುನಗುಂದದ ವಿಮಾನದೋಷ ಬಹಿರಂಗ ಶಾಖೆಗೆ ಹೋದ. ತಾಲೂಕಿನಲ್ಲಿ ವಿಮಾನವೇ ಇಳಿಯದ ಕಾರಣ ಅಲ್ಲಿ ಒಂದು ದೂರೂ ಬಾಕಿ ಇರಲಿಲ್ಲ. ಹಾಗಾಗಿ ಅದಕ್ಕೆ ಮಾದರಿ ಶಾಖೆಯೆಂಬ ಹೆಸರು.

"ವಿಮಾನದ ನಂಬರ್ ಬರಕೊಂಡ್ರೇನು?" ಎಂದು ಗುಮಾಸ್ತ ರಾಚಯ್ಯ ಕೇಳಿದ.

"ಅದು ನಿಲ್ಲಲಿಲ್ರಿ."

"ನಿಲ್ಲಲಿಲ್ಲ ಅಂದ್ರ ಸುಸ್ಥಿತಿಯೊಳಗ ಐತಿ," ಎಂದು ರಾಚಯ್ಯ ಬರೆದುಕೊಂಡ.

"ನಮ್ಮ ಆಪಾ ವಿಮಾನದಾಗ ಹೋಗಾಕಿ ಅದಾಳ್ರಿ. ಖರೆ ಏನೈತಿ ಅಷ್ಟು ಹೇಳ್ರಿ."

"ಸರ್ಕಾರ ಏನೂ ಮುಚ್ಚಿಡೂದಿಲ್ರಿ."

ಆಗಸ್ಟಿನಲ್ಲಿ ಹನ್ನೆರಡು ಪುಟದ ವರದಿ ಶಾಖೆಯ ಫಲಕಕ್ಕೆ ಬಂತು. ಜಾಫರಸಾಬ ಹೋಗಿ ನೋಡಿದರೆ ಹನ್ನೊಂದು ಪುಟಕ್ಕೆ ಕಪ್ಪು ಮಸಿ ಬಳಿದಿತ್ತು.

"ಇದರಾಗ ಏನೂ ಕಾಣಸೂದಿಲ್ಲಲ್ರಿ."

"ಮಸಿ ಕಾಣಸ್ತೈತಿ ಇಲ್ರಿ? ಎಲ್ಲಿ ಮುಚ್ಚೇವಿ ಅನ್ನೂದನ್ನ ನಾವು ಮುಚ್ಚಿಟ್ಟಿಲ್ಲ," ಎಂದ ರಾಚಯ್ಯ.

ಹನ್ನೆರಡನೆಯ ಪುಟ ಹೀಗಿತ್ತು: 'ಸದರಿ ಮುಚ್ಚಳವು ವಿಮಾನದ್ದಲ್ಲ. ಅದು ಬಿದ್ದ ನಂತರವೂ ಸದರಿ ವಿಮಾನವು ಸುರಕ್ಷಿತವಾಗಿ ಇಳಿದಿರುವುದರಿಂದ ಮುಚ್ಚಳವು ಅನವಶ್ಯಕವೆಂದು ಸಾಬೀತಾಗಿದೆ. ಇನ್ನು ಮುಂದೆ ಸಾರ್ವಜನಿಕರ ಮೇಲೆ ಬೀಳದಂತೆ ಎಲ್ಲ ವಿಮಾನಗಳ ಮುಚ್ಚಳಗಳನ್ನು ಮುಂಚಿತವಾಗಿಯೇ ಕಳಚತಕ್ಕದ್ದು.'

ಜಾಫರಸಾಬ ಸಿಕ್ಕ ಬಸ್ಸು ಹತ್ತಿ ಮನೆಗೆ ಓಡಿಬಂದ. "ಆಪಾ, ನೀ ಹಡಗಿನಾಗ ಹೋಗು."

"ಹಡಗಿನ ವರದಿ ಓದೀಯೇನು?"

ಅವನು ಓದಿರಲಿಲ್ಲ. ಅವಳು ವಿಮಾನದಲ್ಲೇ ಹೋದಳು. ಅವಳು ಬರುವವರೆಗೆ ಜಾಫರಸಾಬ ಮಗ್ಗದ ಕುಣಿಗೆ ಇಳಿಯಲಿಲ್ಲ. ಅಂಗಳದಲ್ಲಿ ಕೂತು ಮೇಲೆ ನೋಡುತ್ತಿದ್ದ.

ನಲವತ್ತು ದಿನಕ್ಕೆ ಖೈರುನಬಿ ಖರ್ಜೂರದ ಗಂಟಿನೊಂದಿಗೆ ಮರಳಿದಳು. ಓಣಿಯೆಲ್ಲ ಸೇರಿತು.

"ನನ್ನ ಸೀಟಿನ ಬಾಜುಕ ಒಂದು ತೂತಿತ್ತು," ಎಂದಳು. "ಮ್ಯಾಲೆ ಕಾಗದ ಹಚ್ಚಿದ್ರು. 'ಇಲ್ಲಿ ಏನೂ ಇರಲಿಲ್ಲ' ಅಂತ ಬರದಾರ ಅಂತ ಹಿಂದಿನ ಸೀಟಿನವ್ರು ಓದಿ ಹೇಳಿದ್ರು."

"ಅಂಜಿಕಿ ಬರಲಿಲ್ಲೇನು?" ಎಂದು ಜಾಫರಸಾಬ ಕೇಳಿದ.

"ಯಾಕ ಬರ್ತೈತಿ? ಸರ್ಕಾರದ ಸಿಕ್ಕಾ ಒತ್ತಿದ್ರು. ಕಾಗದ ಪಟಪಟ ಅಂತಿತ್ತು. ಗಾಳಿ ಭಾಳ ಚೊಲೊ ಬರ್ತಿತ್ತು."

ಖರ್ಜೂರ ತಿನ್ನುತ್ತಿದ್ದವರೆಲ್ಲ ತಲೆದೂಗಿದರು. ಮುಂದಿನ ವರ್ಷ ಹೋಗುವ ಮೂವರು ಆ ಸೀಟಿನ ನಂಬರು ಕೇಳಿ ಬರೆದುಕೊಂಡರು. ಅವರಲ್ಲಿ ಮೊದಲನೆಯವನು ಜಾಫರಸಾಬ.