ರಸಮೇವಿನ ಗುಂಡಿಗೆ ನಾನಿಟ್ಟ ಕಾವಲು

ತೊಂಬತ್ತರ ದಶಕದ ಕೊನೆಯಲ್ಲಿ ಬೈಲಹೊಂಗಲದಲ್ಲಿ ನಡೆದ ಮೇವಿನ ತರಬೇತಿಯಲ್ಲಿ ಮೊದಲ ಸಾಲಿನಲ್ಲೇ ಕುಳಿತು ಬಂದವನು ನಾನು. ಹಸಿ ಗೋವಿನಜೋಳವನ್ನು ಕತ್ತರಿಸಿ, ಗುಂಡಿಗೆ ತುಂಬಿ, ತುಳಿದು, ಗಾಳಿಯಾಡದಂತೆ ಮುಚ್ಚಿಟ್ಟರೆ ಬೇಸಿಗೆಯ ಹೊತ್ತಿಗೆ ಹುಳಿಹುಳಿಯಾದ ರಸಮೇವು ಸಿದ್ಧ. ಇಷ್ಟು ಸುಲಭದ ವಿದ್ಯೆ ಗೊತ್ತಿಲ್ಲದೆ ನಮ್ಮ ದೊಡವಾಡದವರು ಹೇಗೆ ಬದುಕಿದ್ದರೋ ಎಂದು ಮರುಕಪಟ್ಟೆ!

ಹಿತ್ತಲಲ್ಲಿ ಗುಂಡಿ ತೋಡಿಸಿದೆ. ನಾನೂ ಹೆಂಡತಿ ಶಾಂತವ್ವನೂ ಮೇವು ತುಳಿದೆವು. ಬೆಲ್ಲದ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಣ್ಣು ಏರಿಸಿದಾಗ ದಿಬ್ಬ ನನ್ನ ಎದೆಮಟ್ಟಕ್ಕಿತ್ತು. ನಮ್ಮ ಎಮ್ಮೆಗಳ ಇಡೀ ಬೇಸಿಗೆ ಅದರೊಳಗಿತ್ತು.

ಸ್ವಲ್ಪ ದಿನಗಳಲ್ಲೇ ದಿಬ್ಬ ಸೊಂಟದ ಮಟ್ಟಕ್ಕಿಳಿಯಿತು.

"ಮೇವು ಕಳುವಾಗಾಕ ಹತ್ತೇತಿ," ಎಂದು ಶಾಂತವ್ವನ ಕಿವಿಯಲ್ಲಿ ಹೇಳಿದೆ.

"ಮ್ಯಾಲಿನ ಮಣ್ಣು ಹಂಗಽ ಐತಲ್ರಿ. ಕಳ್ಳ ಏನ್ ಇಲಿಯಂಗ ಒಳಗಿಂದ ಬಂದಾನೇನು?"

ನಾನು ಗೋಡೆಯಾಚೆ ಇಣುಕಿದೆ. ಅದು ದಸ್ತಗೀರನ ಮನೆ. ಅವನ ಎಮ್ಮೆ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಏನು ತಿಂದು?

"ಎಮ್ಮಿಗೆ ಏನ್ ಹಾಕ್ತೀಯೋ ದಸ್ತಗೀರಾ?" ಎಂದು ಸಹಜವಾಗಿ ವಿಚಾರಿಸಿದೆ.

"ಹತ್ತಿಕಾಳ ಹಿಂಡಿ ರೀ ಕಾಕಾ," ಎಂದು ನಕ್ಕ.

ಆ ನಗು ನನಗೆ ಸರಿಬರಲಿಲ್ಲ.

ಅಂದೇ ಗುಂಡಿಯ ಒಂದು ಮೂಲೆ ಅಗೆದು, ಹಾಳೆ ಎತ್ತಿ, ತೋಳು ತೂರಿಸಿ ಪರೀಕ್ಷಿಸಿದೆ. ಮೇವು ಇತ್ತು. ಆದರೆ ಆಚೆ ಮೂಲೆಯಲ್ಲಿ? ಅದನ್ನೂ ಅಗೆದೆ. ನಡುವೆ? ತನಿಖೆಯನ್ನು ಅರ್ಧಕ್ಕೆ ನಿಲ್ಲಿಸಬಾರದು! ಅಲ್ಲಿಂದ ಮುಂದೆ ಚಹಾಕ್ಕಿಂತ ಮೊದಲು ಗುಂಡಿ ತೆರೆದು ನೋಡುವುದೇ ನನ್ನ ನಿತ್ಯಕರ್ಮವಾಯಿತು.

ದಿಬ್ಬ ಮಾತ್ರ ಇಳಿಯುತ್ತಲೇ ಇತ್ತು. ಸುತ್ತಲೂ ಒಲೆಯ ಬೂದಿ ಉದುರಿಸಿದೆ. ಮರುದಿನ ನೋಡಿದರೆ ಹೆಜ್ಜೆ ಗುರುತು! ಬಗ್ಗಿಕೊಂಡೇ ಹಿಂಬಾಲಿಸಿದೆ. ಅದು ನೇರವಾಗಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂತು.

"ಇವು ನಿಮ್ಮ ಚಪ್ಪಲಿ ಗುರ್ತಽ ಅದಾವ್ರಿ," ಎಂದಳು ಶಾಂತವ್ವ.

"ನೋಡು ಅವನ ಶಾಣ್ಯಾತನ! ನನ್ನ ಚಪ್ಪಲಿ ಮೆಟ್ಟಿಕೊಂಡು ಬಂದಾನ!"

ಕೊನೆಗೆ ಓಣಿಯ ಹಿರಿಯರನ್ನು ಕರೆಸಿ, ದಸ್ತಗೀರನೇ ಕಳ್ಳನೆಂದು ಘೋಷಿಸಿ, ಅವನೆದುರೇ ಗುಂಡಿ ತೆರೆಸಿದೆ. ಹಾಳೆ ಸರಿದದ್ದೇ ತಡ, ಹಿರಿಯರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ಒಂದು ಕಡ್ಡಿಯೂ ಕಳುವಾಗಿರಲಿಲ್ಲ. ಮೇವು ತನ್ನ ಭಾರಕ್ಕೆ ತಾನೇ ಕುಸಿದಿತ್ತು, ಅಷ್ಟೇ. ನಾನು ತೆರೆದಲ್ಲೆಲ್ಲ ಗಾಳಿ ಹೊಕ್ಕು, ಬೂಸ್ಟು ಹಿಡಿದು, ಕಪ್ಪಗಾಗಿ ಕೊಳೆತಿತ್ತು. ನಾನು ತೆರೆಯದ ಜಾಗವೇ ಇರಲಿಲ್ಲ! ಎಮ್ಮೆಗಳು ಮೂಸಿ, ಸೀನಿ, ಮುಖ ತಿರುಗಿಸಿದವು.

"ಗಾಳಿ ಹೋಗಬಾರದು ಅಂತ ತರಬೇತಿಯೊಳಗ ಹೇಳಿದ್ದಿಲ್ಲೇನು?" ಎಂದರು ಒಬ್ಬ ಹಿರಿಯರು.

"ಗಾಳಿದು ಹೇಳಿದ್ರು. ಕಳ್ಳರದು ಏನೂ ಹೇಳಿದ್ದಿಲ್ಲ," ಎಂದೆ.

ದಸ್ತಗೀರ ಹೊಲದ ಕಡೆ ಹೊರಟುಹೋದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸಂಜೆ ಅವನೇ ಹೊಲದಿಂದ ಒಂದು ಬಂಡಿ ಒಣ ಜೋಳದ ದಂಟಿನ ಕಣಿಕಿ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತ.

"ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ ಕಾಕಾ. ಎಮ್ಮಿಗೋಳ ಸಲುವಾಗಿ ತಂದೇನಿ. ಎಲ್ಲಿ ಒಟ್ಟಲಿ?"

ನಾನು ತಲೆ ತಗ್ಗಿಸಿ ಹಿತ್ತಲು ತೋರಿಸಿದೆ.

"ಬ್ಯಾಡೋ ಯಪ್ಪಾ!" ಎಂದು ಶಾಂತವ್ವ ಓಡಿ ಬಂದು ಎತ್ತಿಗೆ ಅಡ್ಡ ನಿಂತಳು. "ನಿನ್ನ ಹಿತ್ತಲದಾಗಽ ಇರ್ಲಿ. ಬೇಕಾದಷ್ಟು ನಾನಽ ಬಂದು ಒಯ್ತೇನಿ. ಇಲ್ಲಿಟ್ರ ಇವರು ತಪಾಸಣಿ ಚಾಲೂ ಮಾಡ್ತಾರ!"

ಹೀಗಾಗಿ ಆ ಬೇಸಿಗೆಯುದ್ದಕ್ಕೂ ನಮ್ಮ ಎಮ್ಮೆಗಳ ಮೇವು, ನಾನು ಕಳ್ಳನೆಂದವನ ಹಿತ್ತಲಲ್ಲೇ ಭದ್ರವಾಗಿತ್ತು. ಓಣಿಯವರೆಲ್ಲ ಸೇರಿ ಅದನ್ನು ಕಾಯುತ್ತಿದ್ದರು.

ನನ್ನಿಂದ!