ದೊಡ್ಡ ಟ್ಯಾಂಕು, ಸಣ್ಣ ಪೈಪು

ಮೇಲಿನ ಮನೆಯ ಗುರುಚರಣ ತನ್ನ ಕಂಪ್ಯೂಟರಿಗೆ ನೂರಾ ಇಪ್ಪತ್ತೆಂಟು ಎಂಬಿಯ ಗ್ರಾಫಿಕ್ಸ್ ಕಾರ್ಡು ಹಾಕಿಸಿದ ದಿನದಿಂದ ಸುಶಮೀಂದ್ರನಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ಅವನ ಕಂಪ್ಯೂಟರಿನಲ್ಲಿದ್ದದ್ದು ಅರವತ್ತನಾಲ್ಕು. ಎರಡು ತಿಂಗಳ ಹಿಂದೆ ಅದನ್ನು ತಂದಾಗ ಮದ್ರಾಸಿನ ವಡಪಳನಿಯ ಆ ಫ್ಲಾಟುಗಳಲ್ಲಿ ಅದಕ್ಕಿಂತ ದೊಡ್ಡದು ಯಾರಲ್ಲೂ ಇರಲಿಲ್ಲ.

ಕಾರ್ಡು ಹೋಗಲಿ ಎನ್ನಬಹುದಿತ್ತು. ಅದರ ಹಿಂದೆ ಮಗಳು ವಿಭಾಳೂ ಹೋಗಿಬಿಟ್ಟಿದ್ದಳು. ಮೊದಲೆಲ್ಲ ಅವನು ಅಂಬತ್ತೂರಿನ ಕಾರ್ಖಾನೆಯಿಂದ ಮನೆ ಸೇರುವ ಹೊತ್ತಿಗೆ ಅವಳು ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತಿದ್ದಳು. ಅಪ್ಪ ಷರ್ಟು ಕೂಡ ಬಿಚ್ಚದೆ ಪಕ್ಕದಲ್ಲಿ ಕೂತು, "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಎನ್ನುತ್ತಿದ್ದ. ಇಡೀ ದಿನದಲ್ಲಿ ಅವನಿಗೆ ಸುಖವೆಂದು ಇದ್ದದ್ದು ಆ ಅರ್ಧ ಗಂಟೆ. ಈಗ ಅವನು ಬರುವಾಗ ಕುರ್ಚಿ ಖಾಲಿ, ಕಾರಿನ ಸದ್ದು ಮೇಲಿನ ಮನೆಯಲ್ಲಿ.

"ಮೇಲೆ ಕಾರಿನ ನೆರಳು ಕೂಡ ಜೊತೇಲೇ ಓಡುತ್ತಪ್ಪಾ," ಎಂದಿದ್ದಳು ವಿಭಾ. "ನಮ್ದು ಸುಮ್ಮಾ ಡಬ್ಬಾ."

ಆಯುಧಪೂಜೆಯ ರಜೆ. ಬೆಳಿಗ್ಗೆ ಸುಶಮೀಂದ್ರ ಗುರುಚರಣನನ್ನು ಮೆಟ್ಟಿಲ ಮೇಲೆಯೇ ಹಿಡಿದು ನಿಲ್ಲಿಸಿದ.

"ನಿಮ್ಮ ಕಾರ್ಡು ದೊಡ್ಡದು, ಒಪ್ಕೊಂಡೆ. ಆದ್ರೆ ಡೇಟಾ ಹೋಗಿಬರೋ ದಾರಿ ನಂದರ ಅರ್ಧ ಅಗಲ. ಅಂದ್ರೆ ನಿಮ್ಮದು ದೊಡ್ಡ ಟ್ಯಾಂಕು, ಸಣ್ಣ ಪೈಪು. ನಲ್ಲಿ ತಿರುಗಿಸಿದ್ರೆ ನೂಲಿನ ಹಾಗೆ ಬರುತ್ತೆ. ನಂದು ಸಣ್ಣ ಟ್ಯಾಂಕು, ಆದ್ರೆ ಪೈಪು ದೊಡ್ಡದು."

ಎರಡು ಕಾರ್ಡುಗಳ ಅಳತೆ, ವೇಗ, ಎಲ್ಲವನ್ನೂ ಪಕ್ಕಪಕ್ಕ ಹಾಕಿದ್ದ ಪತ್ರಿಕೆಯೊಂದರಲ್ಲಿ ಅವನು ಇದನ್ನು ಓದಿದ್ದ. ಓದಿದ್ದನೇ ಹೊರತು ನಂಬಿರಲಿಲ್ಲ. ನಂಬಿದ್ದರೆ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ. ಆದರೆ ಗುರುಚರಣನ ಮುಖ ಸಣ್ಣದಾಯಿತು. "ಹಂಗಾ? ಅಂಗಡಿಯವನು ಪೈಪಿನ ವಿಷಯ ಹೇಳಲೇ ಇಲ್ಲೆ," ಎಂದ.

ಅದು ಮದ್ರಾಸೆಲ್ಲ ಲಾರಿ ನೀರು ಕುಡಿಯುತ್ತಿದ್ದ ವರ್ಷ. ಟ್ಯಾಂಕು ಎಂಬ ಮಾತು ಕಿವಿಗೆ ಬಿದ್ದದ್ದೇ ಕೆಳಗಿನ ಮನೆಯ ಕಾಂತಪ್ಪ ಕೊಡ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಎಗ್ಮೋರಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅವರಿಗೆ ಯಾರ ಜಗಳದಲ್ಲೂ ತೀರ್ಪು ಕೊಡುವ ಅಭ್ಯಾಸ.

"ಲಾರಿ ಬಂತಾ?"

ಬಂದಿಲ್ಲವೆಂದು ತಿಳಿದ ಮೇಲೂ ಅವರು ಒಳಗೆ ಹೋಗಲಿಲ್ಲ. ಕೊಡ ಕೆಳಗಿಟ್ಟು ವಿಷಯವನ್ನೆಲ್ಲ ಕೇಳಿದರು. "ಬಾಯಲ್ಲಿ ಯಾಕೆ ಮಾರಾಯ್ರೆ? ನಮ್ಮಲ್ಲಿ ಹೊಸ ಗ್ರೈಂಡರ್ ಬಂದ್ರೆ ಹಳೇದಕ್ಕೂ ಹೊಸತಕ್ಕೂ ಒಂದೇ ಅಕ್ಕಿ ಹಾಕಿ ನೋಡ್ತೇವೆ. ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕಿ ನೋಡಿ."

ಹತ್ತು ಗಂಟೆಗೆ ಸುಶಮೀಂದ್ರನ ಮೇಜಿನ ಮೇಲೆ ಎರಡೂ ಕಾರ್ಡುಗಳಿದ್ದವು. ಎರಡೂ ಹಸಿರು, ಎರಡೂ ಒಂದೇ ಗಾತ್ರ. ಬೆನ್ನಿಗಂಟಿದ ಚೀಟಿಯಲ್ಲಿ ಅಂಕಿ ಓದಿದರೆ ಮಾತ್ರ ಯಾವುದು ಯಾರದೆಂದು ತಿಳಿಯುತ್ತಿತ್ತು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿಟ್ಟಿದ್ದರು. ಕಾಂತಪ್ಪ ಟಾರ್ಚು ಹಿಡಿದು ನಿಂತಿದ್ದರು. ಆಗ ಸುಶಮೀಂದ್ರನ ತಾಯಿ ಭೀಮಾಬಾಯಿ ಹರಿವಾಣ ಹಿಡಿದು ಬಂದರು.

"ಪೂಜೆಗೆ ಹೊತ್ತು ಮೀರ್ತಾ ಇದೆ. ಇವೇನಾ ನಿಮ್ಮ ಆಯುಧ?"

"ಅಮ್ಮಾ, ಅರ್ಧ ಗಂಟೆ ಬಿಡು," ಎಂದು ಮಗ ಹೇಳುವುದರೊಳಗೆ ಎರಡೂ ದೇವರ ಮನೆ ಸೇರಿದ್ದವು. ಸರಸ್ವತಿಯ ಮುಂದೆ, ವಿಭಾಳ ಪುಸ್ತಕಗಳ ಪಕ್ಕ, ಎರಡು ಬಾಳೆಲೆಯ ತುಂಡು. ಎಡಗಡೆ ತಮ್ಮ ಮನೆಯದು, ಬಲಗಡೆ ಮೇಲಿನ ಮನೆಯದು. ಭೀಮಾಬಾಯಿ ಎರಡಕ್ಕೂ ಗಟ್ಟಿಯಾಗಿ ಗಂಧ ಮೆತ್ತಿ ಕುಂಕುಮ ಇಟ್ಟರು. ಚೀಟಿಗಳೆರಡೂ ಗಂಧದ ಕೆಳಗೆ ಮುಚ್ಚಿಹೋದವು.

"ನಾಳೆ ಬೆಳಿಗ್ಗೆ ಮರುಪೂಜೆ ಆಗೋ ತನಕ ಯಾರೂ ಮುಟ್ಟೋ ಹಂಗಿಲ್ಲ," ಎಂದರು ಭೀಮಾಬಾಯಿ. "ಆಮೇಲೂ ಗಂಧ ಒರೆಸಬೇಡಿ, ತಾನಾಗಿ ಹೋಗಲಿ."

ಪರೀಕ್ಷೆ ಅಲ್ಲಿಗೆ ನಿಂತಿತು. ಮಾತು ನಿಲ್ಲಲಿಲ್ಲ. ಪತ್ರಿಕೆ ತೆಗೆದು ತೋರಿಸೋಣವೆಂದರೆ ಪುಸ್ತಕ ಪೂಜೆಗಿಟ್ಟ ದಿನ ಓದಲೂಬಾರದು. ಆದ್ದರಿಂದ ಸುಶಮೀಂದ್ರ ನೆನಪಿನಿಂದಲೇ ಹೇಳಿದ, ನೆನಪಿಲ್ಲದ ಕಡೆ ಸೇರಿಸಿ ಹೇಳಿದ. ಪೈಪು ಗಂಟೆಗೊಮ್ಮೆ ಅಗಲವಾಗುತ್ತ ಹೋಯಿತು. ಗುರುಚರಣ ಊಟಕ್ಕೆ ಮೇಲೆ ಹೋಗುವಾಗ ದೇವರ ಮನೆಯ ಕಡೆ ಎರಡು ಸಲ ತಿರುಗಿ ನೋಡಿದ.

ಊಟಕ್ಕೆ ಕೂತಾಗ ವಿಭಾ, "ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮೇಲೆ ಹೋಗ್ತೀನಿ. ಶ್ರೀವಿದ್ಯಾ ಆಂಟಿ ಅಲ್ಲೇ ದೋಸೆ ಕೊಡ್ತಾರೆ," ಎಂದಳು. ಸುಶಮೀಂದ್ರ ಬಾಯಿಗೆತ್ತಿದ್ದ ಸಿಹಿ ಹಯಗ್ರೀವವನ್ನು ಮತ್ತೆ ಎಲೆಗೆ ಹಾಕಿದ. ಗುರುಚರಣನಿಗೆ ಕಾರ್ಡೂ ಇರಲಿ, ಹೆಂಡತಿಯ ದೋಸೆಯೂ ಇರಲಿ, ತನ್ನ ಮಗಳೂ ಬೇಕೆ?

ಎರಡೂವರೆಗೆ ಮನೆಯೆಲ್ಲ ಮಲಗಿತ್ತು. ಸುಶಮೀಂದ್ರ ಕಳ್ಳ ಹೆಜ್ಜೆಯಲ್ಲಿ ದೇವರ ಮನೆಗೆ ಹೋದ. "ತಾಯೀ, ಮಗಳಿಗೋಸ್ಕರ, ನನಗಲ್ಲ," ಎಂದು ಕೈಮುಗಿದ. ಎಡದ ಎಲೆಯದನ್ನು ಬಲಕ್ಕೆ, ಬಲದ ಎಲೆಯದನ್ನು ಎಡಕ್ಕೆ ಇಟ್ಟು ಬಂದು ಮಲಗಿ ಸುಳ್ಳು ಗೊರಕೆ ಹೊಡೆದ.

ನಾಲ್ಕು ಗಂಟೆಗೆ ಗುರುಚರಣ ಬಂದ. ಭೀಮಾಬಾಯಿ ಕಡಲೆ ಉಸುಲಿ ಬಿಸಿಮಾಡಲು ಹೋದಾಗ, "ಒಂದು ನಮಸ್ಕಾರ ಹಾಕಿ ಬರ್ತೀನಿ," ಎಂದು ದೇವರ ಮನೆ ಹೊಕ್ಕ. ಐದು ನಿಮಿಷವಾದರೂ ಹೊರಗೆ ಬರಲಿಲ್ಲ. ಸುಶಮೀಂದ್ರ ಗಡಿಯಾರ ನೋಡುತ್ತ ಕೂತ. ಆದರೆ ಗುರುಚರಣ ಬಂದಾಗ ಮುಖದಲ್ಲಿ ಎಂಥ ನೆಮ್ಮದಿ! ಇವನಿಗೇನೂ ಗೊತ್ತಾಗಿಲ್ಲ, ಪಾಪ, ಎಂದುಕೊಂಡು ಸುಶಮೀಂದ್ರ ಅವನ ತಟ್ಟೆಗೆ ಇನ್ನೊಂದು ಹಿಡಿ ಉಸುಲಿ ಹಾಕಿದ.

ಮರುದಿನ ಪೂಜೆ ಮುಗಿದದ್ದೇ ಗುರುಚರಣ ಬಲದ ಎಲೆಯ ಕಾರ್ಡನ್ನು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಹೋದ. ಸುಶಮೀಂದ್ರ ಎಡದ್ದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮಗಳನ್ನು ಕರೆದ. "ವಿಭಾ, ಬಾಮ್ಮಾ. ಇನ್ನು ಮೇಲೆ ಯಾರ ಮನೆಗೂ ಹೋಗಬೇಕಾಗಿಲ್ಲ."

ಪರದೆ ಬೆಳಗಿತು. ಮೊದಲ ಸಾಲಿನಲ್ಲೇ ಬಂತು: ಅರವತ್ತನಾಲ್ಕು.

ಆರಿಸಿ ಮತ್ತೆ ಹಾಕಿದ. ಅರವತ್ತನಾಲ್ಕು. ಮೂರನೆಯ ಸಲ ಹಾಕುವಷ್ಟರಲ್ಲಿ ಗುರುಚರಣ ಬಾಗಿಲಲ್ಲಿ ನಿಂತಿದ್ದ.

"ನಿಮಗೆಷ್ಟು ತೋರಿಸ್ತು?" ಎಂದು ಕೇಳಿದ.

"ಅರವತ್ನಾಲ್ಕು. ನಿಮಗೆ?"

"ನೂರಾ ಇಪ್ಪತ್ತೆಂಟು," ಎಂದ ಗುರುಚರಣ, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಿನ್ನೆಯ ಐದು ನಿಮಿಷದ ನಮಸ್ಕಾರ ಏನೆಂದು ಸುಶಮೀಂದ್ರನಿಗೆ ಈಗ ತಿಳಿಯಿತು. ತಾನೂ ಅದೇ ಪಾಪ ಮಾಡಿದ್ದರಿಂದ ಬಾಯಿ ಬಿಡುವಂತಿರಲಿಲ್ಲ.

"ಅವರವರದು ಅವರವರಿಗೇ ಬಂತಲ್ಲ, ಅದಕ್ಯಾಕೆ ಈ ಮುಖ?" ಎಂದರು ಭೀಮಾಬಾಯಿ.

ಗುರುಚರಣ ಹತ್ತಿರ ಬಂದು ಗುಟ್ಟಾಗಿ ಹೇಳಿದ. "ಕದ್ದುಮುಚ್ಚಿ ಬೇಡ. ನೇರವಾಗಿ ಕೇಳ್ತೀನಿ. ನಾವಿಬ್ಬರೂ ಬದಲಾಯಿಸ್ಕೊಳ್ಳೋಣವಾ? ನಂದು ನೀವು ಇಟ್ಕೊಳ್ಳಿ."

ಸುಶಮೀಂದ್ರ ಹೂಂ ಎನ್ನಲು ಬಾಯಿ ತೆರೆದ. ಆಗ ಗುರುಚರಣನ ಕಣ್ಣು ಕಂಡಿತು. ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಗಂಧ ಮೆತ್ತಿಕೊಂಡು ಕೂತಿದ್ದ ಕಾರ್ಡನ್ನು ಅವನು ಎಷ್ಟು ಆಸೆಯಿಂದ ನೋಡುತ್ತಿದ್ದನೆಂದರೆ, ಸುಶಮೀಂದ್ರನಿಗೆ ಹೊಸ ಸಂಕಟ ಶುರುವಾಯಿತು. ದೊಡ್ಡದನ್ನು ಬಿಟ್ಟು ಇದನ್ನು ಬೇಡುತ್ತಿದ್ದಾನೆ ಎಂದರೆ ಇದರಲ್ಲಿ ಏನೋ ಇರಲೇಬೇಕು. ಕೊಟ್ಟುಬಿಟ್ಟರೆ ಇವನು ಮೇಲೆ ಕೂತು ಜೀವಮಾನವಿಡೀ ನಗುತ್ತಾನೆ.

"ಇಲ್ಲೆ," ಎಂದ ಸುಶಮೀಂದ್ರ. "ಇದನ್ನ ಮಾತ್ರ ಕೊಡೋಕಾಗಲ್ಲ."

ಇಷ್ಟು ಹೊತ್ತು ಕುರ್ಚಿಯ ಹಿಂದೆ ಕಾಯುತ್ತಿದ್ದ ವಿಭಾ ಚಪ್ಪಲಿ ಮೆಟ್ಟಿಕೊಂಡು ಮೇಲಿನ ಮನೆಗೆ ಹೋದಳು.